ಬಯಲಿನ ಪಾಠಕ್ಕೆ ತಂದೆತಾಯಿಗಳು



ರೋಹಿಣಿ ಕಳೆದು ಮೃಗಶಿರೆಯ ಮಳೆ ಹಿಡಿಯುವ ಈ ದಿನಗಳಲ್ಲಿ, ಬೇಸಗೆಯ ದೀರ್ಘ ವಿರಾಮದ ತರುವಾಯ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳು ಬಾಗಿಲಿಗೆ ಮಾವಿನ ತೋರಣ ಕಟ್ಟಿ ಮಕ್ಕಳನ್ನು ಬರಮಾಡಿಕೊಳ್ಳುತ್ತಿರುವಾಗಲೇ, ಆವರಣದ ಆಚೆಗೆ ಒಣಗಿದ ನೆಲ ಹಸುರಾಗಿ, ರೆಕ್ಕೆ ಮೂಡಿದ ಗೆದ್ದಲು ಸಂಜೆಯ ದೀಪಕ್ಕೆ ಮುತ್ತಿ, ಕೆರೆಯಂಗಳದಲ್ಲಿ ಕಪ್ಪೆಗಳ ದನಿ ತುಂಬಿ, ಗೀಜಗ ಹಕ್ಕಿಗಳು ಗೂಡಿಗೆ ತಕ್ಕ ಕೊಂಬೆಯನ್ನು ಅರಸತೊಡಗುತ್ತವೆ. ನೋಡಿ ಕಲಿಯುವುದಕ್ಕೆ ಇಷ್ಟೊಂದು ವಿಷಯಗಳು ಒಟ್ಟಿಗೆ ಒದಗುವ ಕಾಲ ವರ್ಷದಲ್ಲಿ ಮತ್ತೊಂದಿಲ್ಲ. ಆದರೂ ಪುಸ್ತಕದಲ್ಲಿ ಹಕ್ಕಿಗೂಡಿನ ಚಿತ್ರವನ್ನು ನೋಡಿ ಅದರ ಕೆಳಗೆ ಬಿಟ್ಟ ಸ್ಥಳವನ್ನು ತುಂಬುವ ಮಗುವಿಗೆ, ಅಂಥದೇ ಗೂಡು ತನ್ನೂರಿನ ಬಾವಿಯ ಮೇಲೆ ಬಾಗಿದ ಜಾಲಿಯ ಮರದಲ್ಲಿ ತೂಗುತ್ತಿದೆಯೆಂಬ ಮಾತನ್ನು ಶಾಲೆಯಲ್ಲಿ ಹೇಳುವವರು ವಿರಳ. ಉಪಾಧ್ಯಾಯರು ಬಹುಶಃ ಬೇರೆ ಊರಿನವರು. ಆ ಬಾವಿಯನ್ನು ಅವರು ಕಂಡಿರಲಾರರು. ಬಲ್ಲವನು ಆ ಮಗುವಿನ ತಂದೆ. ಅವನನ್ನು ಯಾರೂ ಕೇಳಿಲ್ಲ.

ತಂದೆತಾಯಿಗಳನ್ನು ನಾವು ಶಾಲೆಗೆ ಕರೆಯುವುದಿಲ್ಲವೆಂದಲ್ಲ, ಕರೆಯುತ್ತೇವೆ. ದಾಖಲಾತಿಯ ದಿನ ರುಜು ಅಥವಾ ಹೆಬ್ಬೆಟ್ಟು ಒತ್ತುವುದಕ್ಕೆ, ಮಗ ಗಣಿತದಲ್ಲಿ ಹಿಂದುಳಿದನೆಂಬ ದೂರನ್ನು ತಲೆತಗ್ಗಿಸಿ ಕೇಳುವುದಕ್ಕೆ, ವಾರ್ಷಿಕೋತ್ಸವಕ್ಕೆ ಚಂದಾ ಕೊಡುವುದಕ್ಕೆ ಕರೆಯುತ್ತೇವೆ. ಹೊಲದಲ್ಲಿ ನಿಂತು ಮುಗಿಲಿನ ಬಣ್ಣವನ್ನು ನೋಡಿ ನಾಳಿನ ಬಿತ್ತನೆಯನ್ನು ನಿಶ್ಚಯಿಸಬಲ್ಲ ರೈತನೊಬ್ಬನು, ಶಾಲೆಯ ಹೊಸ್ತಿಲಿಗೆ ಬಂದೊಡನೆ ಏನೂ ತಿಳಿಯದವನಂತೆ ಕೈಕಟ್ಟಿ ನಿಲ್ಲುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ತನ್ನ ತಂದೆ ಬಲ್ಲುದಕ್ಕೆ ಶಾಲೆಯಲ್ಲಿ ಬೆಲೆಯಿಲ್ಲವೆಂದು ಮಗು ಒಮ್ಮೆ ಮನಗಂಡಿತೆಂದರೆ, ಆ ಭಾವನೆಯನ್ನು ಮುಂದೆ ಯಾವ ಪಾಠದಿಂದಲೂ ಅಳಿಸುವುದು ಸುಲಭವಲ್ಲ.

ಶ್ರಾವಣದ ಒಂದು ಶನಿವಾರ, ಬೆಳಗಿನ ಶಾಲೆಯ ಹೊತ್ತಿನಲ್ಲಿ, ನಾಲ್ಕನೆಯ ತರಗತಿಯ ಮಕ್ಕಳು ಉಪಾಧ್ಯಾಯರೊಡನೆಯೂ ಮೂರು ನಾಲ್ಕು ಮಂದಿ ಪೋಷಕರೊಡನೆಯೂ ಆ ಜಾಲಿಯ ಮರದ ಬಳಿಗೆ ಹೋದರೆಂದು ಭಾವಿಸೋಣ. ಗೂಡು ಕಟ್ಟುವವನು ಗಂಡು ಗೀಜಗ. ಹುಲ್ಲಿನ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಹಿಡಿದು ಹಾರಿ, ಉದ್ದನೆಯ ಎಳೆಯೊಂದನ್ನು ಸೀಳಿ ತಂದು, ಕೊಂಬೆಗೆ ಸುತ್ತಿ ಗಂಟು ಬಿಗಿದು, ಮೊದಲು ಒಂದು ಬಳೆಯನ್ನು, ಬಳಿಕ ಅದರ ಮೇಲೆ ಚಾವಣಿಯನ್ನು ಹೆಣೆಯುತ್ತಾನೆ. ಕೆಲಸ ಅರ್ಧವಾದಾಗ ಹೆಣ್ಣುಹಕ್ಕಿ ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಮೆಚ್ಚಿದರೆ ಗೂಡು ಪೂರ್ತಿಯಾಗಿ ಕೆಳಗೆ ಉದ್ದನೆಯ ಪ್ರವೇಶದ್ವಾರ ಇಳಿಯುತ್ತದೆ, ಮೆಚ್ಚದಿದ್ದರೆ ಎಷ್ಟೋ ವೇಳೆ ಅರೆಗೂಡು ಹಾಗೆಯೇ ಉಳಿಯುತ್ತದೆ. ಗಾಳಿಗೆ ಉದುರಿಬಿದ್ದ ಅಂಥ ಅರೆಗೂಡೊಂದನ್ನು ಕೈಗೆತ್ತಿಕೊಂಡು ಒಳಭಾಗವನ್ನು ತಡವಿದರೆ, ಹಕ್ಕಿ ಮೆತ್ತಿದ ಮಣ್ಣಿನ ಹೆಂಟೆಗಳು ಒಣಗಿ ಗಟ್ಟಿಯಾಗಿ ಬೆರಳಿಗೆ ಸಿಕ್ಕುವುದುಂಟು. ಇಷ್ಟನ್ನು ಉಪಾಧ್ಯಾಯರು ಓದಿ ತಿಳಿದು ಹೇಳಬಹುದು. ಆದರೆ ಚಾಪೆ ಹೆಣೆಯುವ ತಾಯಿಯೊಬ್ಬಳು ಆ ಗೂಡಿನ ಒಂದೆಳೆಯನ್ನು ಬಿಡಿಸಿ, ಎಳೆ ಮೇಲೆ ಹಾದು ಕೆಳಗೆ ನುಸುಳಿದ ಬಗೆಯನ್ನು ತನ್ನ ಬೆರಳುಗಳಲ್ಲಿ ಹಿಡಿದು ತೋರಿಸಿದಾಗ ಮಕ್ಕಳಿಗಾಗುವ ಬೆರಗನ್ನು ಯಾವ ಪುಸ್ತಕವೂ ಉಂಟುಮಾಡಲಾರದು. ಸೋಮವಾರ ಆಕೆಯ ಮಗಳು ತರಗತಿಯಲ್ಲಿ ಕುಳಿತುಕೊಳ್ಳುವ ರೀತಿಯೇ ಬೇರೆಯಾಗಿರುತ್ತದೆ.

ಸೊಪ್ಪಿನ ವಿಚಾರವೂ ಹಾಗೆಯೇ. ಮೊದಲ ಮಳೆಗಳು ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪು, ಹೊನಗೊನೆಗಳನ್ನು ಆಯ್ದು ಬೆರಕೆಸೊಪ್ಪಿನ ಸಾರು ಮಾಡುವ ನಮ್ಮ ತಾಯಂದಿರು, ಸಸ್ಯಗಳನ್ನು ಎಲೆಯಿಂದ, ಕಾಂಡದಿಂದ, ವಾಸನೆಯಿಂದ ಗುರುತಿಸುವ ವಿದ್ಯೆಯಲ್ಲಿ ನಿಷ್ಣಾತರು. ಇದು ತಿನ್ನತಕ್ಕದ್ದು, ಇದು ದನಕ್ಕೆ, ಇದನ್ನು ಮುಟ್ಟಿದ ಕೈ ತೊಳೆಯಬೇಕು ಎಂಬ ವಿವೇಕ ಅವರಲ್ಲಿದೆ. ಉಮ್ಮತ್ತಿಯ ಕಾಯಿ, ಗುಲಗಂಜಿ, ಹರಳುಬೀಜಗಳು ವಿಷವೆಂಬ ಎಚ್ಚರಿಕೆ ಅವರ ಬಾಯಿಂದ ಬಂದರೆ ಮಕ್ಕಳು ಮರೆಯುವುದಿಲ್ಲ.

ಪಾಠವನ್ನು ಬಯಲಿಗೆ ಒಯ್ದು ತಂದೆತಾಯಿಗಳನ್ನು ಜೊತೆಗೂಡಿಸುವ ಈ ವಿಚಾರ ಹೊಸದೇನೂ ಅಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ಶಾಲೆಯನ್ನಾರಂಭಿಸಿ ಪಾಠವನ್ನು ಮರದ ನೆರಳಿಗೆ ತಂದರು. ವಕೀಲಿ ವೃತ್ತಿಯಲ್ಲಿದ್ದ ಗಿಜುಭಾಯಿ ಬಧೇಕಾ ಅವರು ತಮ್ಮ ಮಗನ ವಿದ್ಯಾಭ್ಯಾಸದ ಚಿಂತೆಯಿಂದಲೇ ಶಿಕ್ಷಣಕ್ಷೇತ್ರದತ್ತ ತಿರುಗಿ, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಉಪಾಧ್ಯಾಯರಿಗೆ ಬರೆದಂತೆಯೇ ತಂದೆತಾಯಿಗಳಿಗಾಗಿಯೂ ಬರೆದರು. ನಮ್ಮವರೇ ಆದ ಶಿವರಾಮ ಕಾರಂತರು ಮಕ್ಕಳಿಗೆ ಜಗತ್ತನ್ನು ಪರಿಚಯಿಸಲು ಮೂರು ಸಂಪುಟಗಳ ಬಾಲಪ್ರಪಂಚವನ್ನು ರಚಿಸಿದ್ದಲ್ಲದೆ, ಪುತ್ತೂರಿನಲ್ಲಿ ಬಾಲವನವನ್ನೇ ಕಟ್ಟಿದರು. ಕಾನೂನಿನ ಬೆಂಬಲವೂ ಇದೆ. ಪರಿಸರ ವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಆದೇಶಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಮಂದಿ ಮಕ್ಕಳ ತಂದೆತಾಯಿಗಳು ಅಥವಾ ಪೋಷಕರೇ ಆಗಿರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿತು. ಆ ಸಮಿತಿಗಳ ಸಭೆಗಳಲ್ಲಿ ಸೋರುವ ಮಾಡು, ಕುಸಿದ ಕಾಂಪೌಂಡು, ಶೌಚಾಲಯದ ನೀರು ಚರ್ಚೆಗೆ ಬರುತ್ತವೆ, ಬರಬೇಕಾದ್ದೇ. ಈ ತಿಂಗಳು ನಮ್ಮ ಮಕ್ಕಳು ಹೊರಗೆ ಹೋಗಿ ಏನನ್ನು ಕಂಡರು ಎಂಬ ಪ್ರಶ್ನೆಯೂ ಅಲ್ಲಿ ಕೇಳಿಬರಬೇಡವೇ?

ಪೋಷಕರಿಲ್ಲದ ಹಸುರಿನ ಪಾಠ ಏನಾಗುತ್ತದೆಂಬುದಕ್ಕೆ ನಮ್ಮ ಶಾಲೆಗಳ ಸಸಿಗಳೇ ಸಾಕ್ಷಿ. ಕನ್ಹಯ್ಯಾಲಾಲ್ ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವವು ಜುಲೈ ತಿಂಗಳಿನಲ್ಲಿ ನಡೆಯುತ್ತದೆ. ಮಕ್ಕಳು ಉತ್ಸಾಹದಿಂದ ಗುಂಡಿ ತೋಡಿ ಹೊಂಗೆಯನ್ನೋ ಬೇವನ್ನೋ ನೆಡುತ್ತಾರೆ. ಮಳೆಗಾಲ ಅದನ್ನು ಕಾಪಾಡುತ್ತದೆ. ಏಪ್ರಿಲ್ ಬರುತ್ತಲೇ ಶಾಲೆಗೆ ರಜೆ. ಸಸಿಗೆ ನೀರು ಅತ್ಯಗತ್ಯವಾದ ಆ ವಾರಗಳಲ್ಲಿ ಶಾಲೆಯ ಗೇಟಿಗೆ ಬೀಗ ಬಿದ್ದಿರುತ್ತದೆ, ಒಳಗೆ ಸಸಿ ಒಣಗುತ್ತದೆ, ಮುಂದಿನ ಜುಲೈನಲ್ಲಿ ಅದೇ ಗುಂಡಿಯಲ್ಲಿ ಹೊಸ ಸಸಿ. ಸಸಿಯೊಂದನ್ನು ಒಂದು ಮನೆಯ ಹೆಸರಿಗೆ ಒಪ್ಪಿಸಿ, ರಜೆಯಲ್ಲಿ ಆ ಮನೆಯವರು ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹೊಯ್ಯುವ ಏರ್ಪಾಡು ಮಾಡುವುದಕ್ಕೆ ಅನುದಾನ ಬೇಕಿಲ್ಲ, ಗೇಟಿನ ಇನ್ನೊಂದು ಬೀಗದಕೈ ಸಾಕು.

ಒಂದು ಮಾತನ್ನು ಉಪಾಧ್ಯಾಯರ ಗಮನಕ್ಕೆ ತರಲೇಬೇಕು. ಕೂಲಿಗೆ ಹೋಗುವ ತಾಯಿ ಮಂಗಳವಾರ ಹನ್ನೊಂದು ಗಂಟೆಯ ಸಭೆಗೆ ಬರಲಿಲ್ಲವೆಂದರೆ ಆಕೆಗೆ ಮಗುವಿನ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ನಿರ್ಣಯಿಸುವುದು ಅನ್ಯಾಯ. ಆ ದಿನ ಬಂದರೆ ಆಕೆಯ ಕೂಲಿ ಹೋಗುತ್ತದೆ. ಆದಕಾರಣ ಶನಿವಾರದ ಮುಂಜಾನೆ, ಕೆಲಸಕ್ಕೆ ಹೊರಡುವ ಮೊದಲಿನ ಒಂದು ತಾಸು ಸೂಕ್ತ. ಬರಲಾಗದವರ ಮನೆಯ ಅಜ್ಜ ಅಜ್ಜಿಯರನ್ನೂ ಕರೆಯಬಹುದು; ಮಳೆನಕ್ಷತ್ರಗಳನ್ನು ಬಾಯಿಪಾಠವಾಗಿ ಬಲ್ಲವರು ಅವರೇ. ಮಕ್ಕಳು ಬಾವಿಯ ಕಟ್ಟೆಯನ್ನು, ಕೆರೆಯ ಅಂಚನ್ನು, ಹಾವು ಹರಿದಾಡುವ ಪೊದೆಯನ್ನು ಸಮೀಪಿಸುವ ಕಡೆಗಳಲ್ಲಿ ಒಬ್ಬ ಉಪಾಧ್ಯಾಯರ ಎರಡು ಕಣ್ಣು ಸಾಲುವುದಿಲ್ಲವಾದ್ದರಿಂದ, ಹಿರಿಯರು ಜೊತೆಗಿರುವುದು ಜ್ಞಾನಕ್ಕಾಗಿ ಮಾತ್ರವಲ್ಲ, ಕ್ಷೇಮಕ್ಕಾಗಿಯೂ ಅವಶ್ಯಕ. ನಗರದ ತಂದೆತಾಯಿಗಳಿಗೂ ಇದು ಅನ್ವಯಿಸುತ್ತದೆ. ರಸ್ತೆಯ ಬದಿಯ ಹೊಂಗೆಮರವೊಂದು ಎಲೆ ಉದುರಿಸಿ, ಚಿಗುರಿ, ಹೂಬಿಟ್ಟು, ಕಾಯಿ ಕಟ್ಟುವುದನ್ನು ವರ್ಷವಿಡೀ ಬರೆದಿಡುವುದಕ್ಕೆ ಕಾಡು ಬೇಕಾಗಿಲ್ಲ.

ಕೇಳುತ್ತಿರುವ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ: ಕರೆ ಬರಲೆಂದು ಕಾಯಬೇಡಿ. ಈ ವಾರವೇ ನಿಮ್ಮೂರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ನಿಮಗೆ ತಿಳಿದ ಒಂದು ಮರವನ್ನೋ, ಒಂದು ಗೂಡನ್ನೋ, ಒಂದು ಸೊಪ್ಪನ್ನೋ ಮಕ್ಕಳಿಗೆ ತೋರಿಸುವೆವೆಂದು ಹೇಳಿ. ಮುಖ್ಯೋಪಾಧ್ಯಾಯರೇ, ಹಾಗೆ ಬಂದವರಿಗೆ ಕುರ್ಚಿ ಕೊಟ್ಟು ಕೂರಿಸಿ, ಶನಿವಾರದ ವೇಳಾಪಟ್ಟಿಯಲ್ಲಿ ಅವರ ಹೆಸರನ್ನು ಬರೆಯಿರಿ.