ಮುದುಕರು ಬೀಳುವುದು ಯಾರ ತಪ್ಪು?
(ಸಭೆಯೊಂದರಲ್ಲಿ ಮಾಡಿದ ಭಾಷಣ)



ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದಳೆಂದರೆ ನಾವು "ವಯಸ್ಸಾಯಿತು, ಏನು ಮಾಡುವುದು" ಎಂದು ಸುಮ್ಮನಾಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ನೂರಕ್ಕೆ 80ಕ್ಕಿಂತ ಹೆಚ್ಚು ಸಾವು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. ಸಾಯುವವರಲ್ಲಿ 60 ದಾಟಿದವರೇ ಅಧಿಕ.

ಕಾರಣಗಳು ನಮ್ಮ ಕಣ್ಣೆದುರಿಗೇ ಇವೆ: ಪಾಚಿಗಟ್ಟಿದ ಬಚ್ಚಲ ಕಲ್ಲು, ಎತ್ತರದ ಹೊಸ್ತಿಲು, ದೀಪವಿಲ್ಲದ ಹಿತ್ತಿಲು, ಪೊರೆ ಬಂದ ಕಣ್ಣು, ಸೋತ ಕಾಲು, ನಿದ್ರೆಮಾತ್ರೆಯ ಮಂಪರು. ತೊಡೆಮೂಳೆ ಮುರಿದು ತಾಯಿ ಹಾಸಿಗೆ ಹಿಡಿದರೆ, ಆರೈಕೆಗೆ ನಿಂತ ಮಗಳ ಕೂಲಿಯೂ ಹೋಯಿತು.

2024ರಿಂದ 70 ದಾಟಿದವರಿಗೆ ಆಯುಷ್ಮಾನ್ ಭಾರತ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಉಂಟು. ಅದು ಮೂಳೆ ಮುರಿದ ಮೇಲಿನ ಮಾತು. ಮುರಿಯುವ ಮೊದಲು ಬೇಕಾದದ್ದು ಬಚ್ಚಲಿಗೊಂದು ಹಿಡಿಗಂಬಿ, ಬೀದಿಗೊಂದು ದೀಪ, ಕಣ್ಣಿನ ಪೊರೆಗೆ ಸಕಾಲದ ಶಸ್ತ್ರಚಿಕಿತ್ಸೆ, ಕಾಲಿಗೆ ಬಲ ಕೊಡುವ ವ್ಯಾಯಾಮ. ಕಾಲಿನ ಬಲ, ಸಮತೋಲ ಹೆಚ್ಚಿಸುವ ವ್ಯಾಯಾಮದಿಂದ ಬೀಳುವುದು ಸುಮಾರು ಕಾಲುಭಾಗ ತಗ್ಗುತ್ತದೆಂದು ಸಂಶೋಧನೆಗಳು ತೋರಿಸಿವೆ.

ದುಡಿದು ಬಾಗಿದ ಬೆನ್ನುಗಳಿಗೆ ಇದು ಸಲ್ಲಬೇಕಾದ ಬಾಕಿ. ಗ್ರಾಮಸಭೆಯಲ್ಲಿ ಹಕ್ಕಿನಿಂದ ಕೇಳೋಣ. ಈ ರಾತ್ರಿ ಮಾತ್ರ, ಮನೆಗೆ ಹೋದೊಡನೆ ಬಚ್ಚಲ ಕಲ್ಲನ್ನು ನಾವೇ ತಿಕ್ಕೋಣ.