ನಮ್ಮ ಹುಡುಗ ಅಂದರೆ ಯಾರು?

 ಕುರ್ಚಿ ಜಗಳ ಇವತ್ತು ಸ್ವಲ್ಪ ಬದಿಗಿರಲಿ. ಅದು ನಾಳೆಯೂ ಇರುತ್ತೆ, ಎಲ್ಲಿಗೂ ಓಡಿ ಹೋಗಲ್ಲ. ನಮ್ಮ ಬೆಂಗಳೂರಿನಲ್ಲೇ 2025ರ ನವೆಂಬರ್ ತಿಂಗಳಲ್ಲಿ ಒಂದು ಸಂಗತಿ ನಡೆದಿದೆ. ಪತ್ರಿಕೆಗಳ ಕ್ರೀಡಾ ಪುಟದ ಕೆಳಗಡೆ ಎಲ್ಲೋ ಬಂತು, ಹೋಯ್ತು. ನನಗೆ ಮಾತ್ರ ಅದು ಕ್ರೀಡಾ ಪುಟದ ಸುದ್ದಿ ಅನ್ನಿಸಲಿಲ್ಲ.

ರಯಾನ್ ವಿಲಿಯಮ್ಸ್. ಆಗ ವಯಸ್ಸು 32. ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಇಂಗ್ಲೆಂಡಿನ ಪೋರ್ಟ್ಸ್‌ಮತ್, ಫುಲ್ಹಮ್, ರಾಥರ್‌ಹ್ಯಾಮ್ ಅಂತ ಕ್ಲಬ್ಬುಗಳಲ್ಲಿ ಆಡಿ, 2023ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಸೇರಿದ. ಕಂಠೀರವ ಸ್ಟೇಡಿಯಂಗೆ ಹೋಗುವವರಿಗೆ ಚೆನ್ನಾಗಿ ಗೊತ್ತಿರುವ ಮುಖ. ಇವನ ತಾಯಿ ಮುಂಬೈನ ಆಂಗ್ಲೋ-ಇಂಡಿಯನ್ ಕುಟುಂಬದವರು. ತಾಯಿಯ ತಂದೆ 1950ರ ದಶಕದಲ್ಲಿ ಬಾಂಬೆ ಪರವಾಗಿ ಸಂತೋಷ್ ಟ್ರೋಫಿ ಆಡಿದವರು. 2019ರಲ್ಲಿ ರಯಾನ್ ಆಸ್ಟ್ರೇಲಿಯಾ ಪರ ಒಂದು ಸ್ನೇಹಪರ ಪಂದ್ಯ ಆಡಿದ್ದ. ಒಂದೇ ಒಂದು. ಈಗ ಆಸ್ಟ್ರೇಲಿಯಾ ಪಾಸ್‌ಪೋರ್ಟು ಬಿಟ್ಟುಕೊಟ್ಟು ಭಾರತದ ಪೌರತ್ವ ತಗೊಂಡಿದ್ದಾನೆ. ಭಾರತದ ಪಾಸ್‌ಪೋರ್ಟನ್ನು ಅವನ ಕೈಗೆ ಕೊಟ್ಟಿದ್ದು ಸುನಿಲ್ ಛೇತ್ರಿ.

ಇದನ್ನು ನೋಡಿ ಚಪ್ಪಾಳೆ ತಟ್ಟಿದವರು ಬಹಳ ಜನ. ಆದರೆ ಗೊಣಗಿದವರೂ ಕಡಿಮೆ ಏನಿಲ್ಲ. ನಮ್ಮ ನ್ಯೂಸ್‌ರೂಮಿನಲ್ಲೇ ಎರಡು ಮಾತು ಕೇಳಿದೆ. ಒಂದು, ‘ನೂರನಲವತ್ತು ಕೋಟಿ ಜನರಲ್ಲಿ ಹನ್ನೊಂದು ಜನ ಸಿಗಲ್ವಾ ಸಾರ್?’ ಇನ್ನೊಂದು, ‘ಅಲ್ಲಿ ಚಾನ್ಸ್ ಸಿಗ್ಲಿಲ್ಲ, ಇಲ್ಲಿಗೆ ಬಂದ. ಇದರಲ್ಲಿ ದೇಶಪ್ರೇಮ ಎಲ್ಲಿ ಬಂತು?’

ಎರಡನೇ ಮಾತು ಮೊದಲು ತಗೊಳ್ಳೋಣ. ಹೀಗೆ ಕೇಳಿದವರೇ 2023ರ ನವೆಂಬರ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಎದ್ದು ನಿಂತು ‘ರಚಿನ್, ರಚಿನ್’ ಅಂತ ಕೂಗಿದ್ದರು. ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್-ಪಾಕಿಸ್ತಾನ ಪಂದ್ಯ, ರಚಿನ್ ರವೀಂದ್ರ 108. ವೆಲ್ಲಿಂಗ್ಟನ್‌ನಲ್ಲಿ ಹುಟ್ಟಿದ ಹುಡುಗ, ಅಪ್ಪ-ಅಮ್ಮ ಬೆಂಗಳೂರಿನವರು, ಅಜ್ಜ-ಅಜ್ಜಿ ಇಲ್ಲೇ ಇದ್ದಾರೆ. ‘ನಮ್ಮ ಹುಡುಗ’ ಅಂತ ನಾವೂ ಟಿವಿಯಲ್ಲಿ ದಿನವಿಡೀ ತೋರಿಸಿದೆವು. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ಮೈದಾನಕ್ಕೆ ಬಂದ. ಈ ಸಲ ಎದುರಿಗಿದ್ದದ್ದು ಭಾರತ. ನಾವು 46ಕ್ಕೆ ಆಲೌಟ್. ಅವನು 134. ಭಾರತದ ನೆಲದಲ್ಲಿ ನ್ಯೂಜಿಲೆಂಡ್ 1988ರ ನಂತರ ಗೆದ್ದ ಮೊದಲ ಟೆಸ್ಟ್ ಅದು. ಆಗ ಯಾರಾದರೂ ‘ದ್ರೋಹಿ’ ಅಂದರಾ? ಇಲ್ಲ. ಆವತ್ತೂ ಚಪ್ಪಾಳೆಯೇ. ನನಗೆ ಅದು ಇಷ್ಟವಾಯ್ತು, ನಿಜ ಹೇಳ್ತೀನಿ.

ಆದರೆ ಲೆಕ್ಕ ನೋಡಿ. ನಮ್ಮ ರಕ್ತದವನು ಬೇರೆ ದೇಶಕ್ಕೆ ಆಡಿ ನಮ್ಮನ್ನೇ ಸೋಲಿಸಿದರೆ ಹೆಮ್ಮೆ. ಬೇರೆ ದೇಶದಲ್ಲಿ ಹುಟ್ಟಿದವನು ಅಲ್ಲಿನ ಪಾಸ್‌ಪೋರ್ಟು ಬಿಸಾಡಿ ನಮಗಾಗಿ ಆಡ್ತೀನಿ ಅಂದರೆ ಅನುಮಾನ. ಇದು ಯಾವ ಸೂತ್ರ? ನಾನು ಓದಿದ್ದು ಎಂಜಿನಿಯರಿಂಗು. ಎರಡೂ ಕಡೆ ಬೇರೆ ಬೇರೆ ಅಳತೆಪಟ್ಟಿ ಹಿಡಿದರೆ ಉತ್ತರ ತಾಳೆ ಆಗಲ್ಲ ಅನ್ನೋದು ಡಿಪ್ಲೊಮಾ ಹುಡುಗರಿಗೂ ಗೊತ್ತು.

ಇನ್ನೊಂದು ಹೆಸರು ಹೇಳ್ತೀನಿ. ನಾಸ್ತುಷ್ ಕೆಂಜಿಗೆ. ಚಿಕ್ಕಮಗಳೂರು ಕಡೆಯ ಕುಟುಂಬ, ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, ಬೆಳೆದದ್ದು ಇಲ್ಲಿ. ನಮ್ಮ ಹಾಗೇ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಲ್ಲಿನ ಲೀಗ್‌ಗಳಲ್ಲಿ ಎಡಗೈ ಸ್ಪಿನ್ ಹಾಕಿ, ದಾರಿ ಕಾಣದೆ 2015ರಲ್ಲಿ ಅಮೆರಿಕಕ್ಕೆ ಹೋದ. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿತಲ್ಲ, ಆ ಪಂದ್ಯದಲ್ಲಿ ಮೂರು ವಿಕೆಟ್ ಇವನದ್ದು. ‘ಅಲ್ಲಿ ಚಾನ್ಸ್ ಸಿಗಲಿಲ್ಲ, ಇಲ್ಲಿಗೆ ಬಂದ’ ಅಂತ ಡಲ್ಲಾಸ್‌ನಲ್ಲೂ ಯಾರೋ ಗೊಣಗಿರಬಹುದು. ಹೊಟ್ಟೆಪಾಡಿಗೆ ಊರು ಬಿಟ್ಟವರನ್ನು ನಾವು ಹಾಗೆ ಕೇಳಲ್ಲ. ಆಟಗಾರನನ್ನು ಮಾತ್ರ ಯಾಕೆ ಕೇಳಬೇಕು?

ಇನ್ನು ಕಾನೂನು. ಇಲ್ಲಿ ಒಂದೊಂದು ಆಟಕ್ಕೆ ಒಂದೊಂದು ನ್ಯಾಯ. ರಗ್ಬಿಯಲ್ಲಿ ಪಾಸ್‌ಪೋರ್ಟು ಮುಖ್ಯವೇ ಅಲ್ಲ. ನೀವು ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು, ಅದೂ ಇಲ್ಲದಿದ್ದರೆ ಸತತ ಐದು ವರ್ಷ ಅಲ್ಲಿ ವಾಸ ಇರಬೇಕು. ಮೊದಲು ಮೂರೇ ವರ್ಷ ಸಾಕಿತ್ತು. ಶ್ರೀಮಂತ ದೇಶಗಳು ಫಿಜಿ, ಸಮೋವಾ, ಟೋಂಗಾದ ಹುಡುಗರನ್ನು ಕರೆತಂದು ತಮ್ಮ ಜೆರ್ಸಿ ತೊಡಿಸುತ್ತಿವೆ ಅಂತ ಗಲಾಟೆಯಾಗಿ ಐದಕ್ಕೆ ಏರಿಸಿದರು. ಆಮೇಲೆ 2022ರಿಂದ ಇನ್ನೊಂದು ಬಾಗಿಲು ತೆರೆದರು. ಒಂದು ದೇಶಕ್ಕೆ ಆಡಿದವನು ಮೂರು ವರ್ಷ ಸುಮ್ಮನಿದ್ದು, ತಾನು ಅಥವಾ ತನ್ನ ಹಿರಿಯರು ಹುಟ್ಟಿದ ದೇಶಕ್ಕೆ ಒಂದು ಸಲ ಬದಲಾಯಿಸಬಹುದು. ನ್ಯೂಜಿಲೆಂಡ್‌ನ ಆಲ್ ಬ್ಲ್ಯಾಕ್ಸ್‌ಗೆ ಆಡಿದ್ದ ಚಾರ್ಲ್ಸ್ ಪಿಯುಟಾವ್ 2023ರ ವಿಶ್ವಕಪ್‌ನಲ್ಲಿ ಟೋಂಗಾ ಪರ ಇಳಿದ. ಸಣ್ಣ ದ್ವೀಪಗಳಿಗೆ ತಮ್ಮ ಮಕ್ಕಳು ವಾಪಸ್ ಸಿಕ್ಕರು. ನನ್ನ ಪ್ರಕಾರ ಇದು ಒಳ್ಳೆಯ ತಿದ್ದುಪಡಿ.

ನಮ್ಮಲ್ಲಿ ಹಾಗಿಲ್ಲ. ಸಂವಿಧಾನದ 9ನೇ ವಿಧಿ ನೋಡಿ. ತಾನಾಗಿ ಬೇರೆ ದೇಶದ ಪೌರತ್ವ ತಗೊಂಡವನು ಭಾರತದ ಪ್ರಜೆ ಅಲ್ಲ. ಎರಡು ದೋಣಿಯ ಮೇಲೆ ಕಾಲಿಡೋ ಹಾಗಿಲ್ಲ. ಓಸಿಐ ಕಾರ್ಡ್ ಇದೆಯಲ್ಲ ಅಂತೀರಿ. ಅದು ವೀಸಾದ ಅಣ್ಣ ಅಷ್ಟೇ, ಪೌರತ್ವದ ತಮ್ಮ ಅಲ್ಲ. 2008ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಭಾರತದ ಪಾಸ್‌ಪೋರ್ಟು ಇಲ್ಲದವರು ಭಾರತಕ್ಕೆ ಆಡಬಾರದು ಅಂತ ಹೇಳಿತು. ವಿಜಯ್ ಅಮೃತರಾಜ್ ಮಗ ಪ್ರಕಾಶ್ ಅಮೃತರಾಜ್ ಅಮೆರಿಕದ ಪ್ರಜೆಯಾಗಿದ್ದುಕೊಂಡೇ ನಮ್ಮ ಪರ ಡೇವಿಸ್ ಕಪ್ ಆಡಿದ್ದವನು. ಅವನಿಗೂ ಸುನಿತಾ ರಾವ್‌ಗೂ ಬಾಗಿಲು ಮುಚ್ಚಿತು. ಫುಟ್‌ಬಾಲಿನಲ್ಲಿ ಪಾಸ್‌ಪೋರ್ಟು ಬದಲಿಸಿ ಬಂದವರು ಬೆರಳೆಣಿಕೆ. ಜಪಾನಿನಲ್ಲಿ ಹುಟ್ಟಿದ ಅರಾತಾ ಇಜುಮಿ 2012ರಲ್ಲಿ ಭಾರತೀಯನಾಗಿ ಮರುವರ್ಷ ಆಡಿದ. ಈಗ ರಯಾನ್.

ಪಕ್ಕದ ಬಾಂಗ್ಲಾದೇಶ ನೋಡಿ. ಇಂಗ್ಲೆಂಡಿನಲ್ಲಿ ಹುಟ್ಟಿ, ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡಕ್ಕೆ ಆಡಿದ್ದ ಹಮ್ಜಾ ಚೌಧರಿ ತಾಯಿಯ ಕಡೆಯಿಂದ ಬಾಂಗ್ಲಾ ಪಾಸ್‌ಪೋರ್ಟು ಪಡೆದ. ಬ್ರಿಟನ್ನಿನ ಪಾಸ್‌ಪೋರ್ಟು ಬಿಡಬೇಕಾಗಿ ಬರಲಿಲ್ಲ. 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ನಮ್ಮ ವಿರುದ್ಧವೇ ಮೊದಲ ಪಂದ್ಯ ಆಡಿದ, 0-0. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾ 1-0 ಗೆದ್ದಿತು. ಆವತ್ತು ರಯಾನ್ ಮೈದಾನಕ್ಕೆ ಇಳಿಯಲಾಗಲಿಲ್ಲ. ಪಾಸ್‌ಪೋರ್ಟು ಬದಲಾದರೂ ಸಂಸ್ಥೆ ಬದಲಾವಣೆಯ ಅನುಮತಿ ಬಂದಿರಲಿಲ್ಲ. ಪಂದ್ಯ ಮುಗಿದ ಮೇಲೆ ಫೀಫಾದಿಂದ ಹೂಂ ಬಂತು. ಮದುವೆ ಮುಗಿದ ಮೇಲೆ ಓಲಗ.

ಈಗ ಮೊದಲನೇ ಪ್ರಶ್ನೆಗೆ ಬರ್ತೀನಿ. ‘ನಮ್ಮಲ್ಲಿ ಹನ್ನೊಂದು ಜನ ಇಲ್ವಾ?’ ಇದು ಗೊಣಗಾಟ ಅಲ್ಲ, ನ್ಯಾಯವಾದ ಪ್ರಶ್ನೆ. ಇದನ್ನು ಕೇಳಬೇಕಾದದ್ದು ಹಲಸೂರಿನ ಗೌತಮಪುರದಲ್ಲಿ ನಿಂತು. ಕಿರಿದಾದ ಬೀದಿಗಳ ಆ ಬಡಾವಣೆಯಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜತೆಗೆ ಪೆಲೆಯ ಪ್ರತಿಮೆಯೂ ಇದೆ. ಮಿನಿ ಬ್ರೆಜಿಲ್ ಅಂತಾರೆ. ದಂಡು ಪ್ರದೇಶ ಅಂದರೆ ಇದೇ. ಪಲ್ಟನ್ ಇತ್ತು, ಪಲ್ಟನ್ ಜತೆ ಚೆಂಡು ಬಂತು, ಪಲ್ಟನ್ ಹೋಯ್ತು, ಚೆಂಡು ಉಳೀತು. ಬ್ರಿಟಿಷ್ ತುಕಡಿಗಳೇ ಹೊತ್ತೊಯ್ಯುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರ ಕಾಲಲ್ಲಿ ಬೂಟೇ ಇರಲಿಲ್ಲ. ಅದೇ ತಂಡದಲ್ಲಿದ್ದ ನಮ್ಮ ಅಹ್ಮದ್ ಖಾನ್ ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. ಬೆಂಗಾಲಿಗಳು ಅವರನ್ನು ಹೊರಗಿನವರು ಅನ್ನಲಿಲ್ಲ, ತಲೆ ಮೇಲೆ ಹೊತ್ತರು. 2017ರಲ್ಲಿ ಅವರು ಇಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡಾಗ ನಾವು ಎಷ್ಟು ನಿಮಿಷದ ಸುದ್ದಿ ಮಾಡಿದೆವು ಅಂತ ಕೇಳಬೇಡಿ.

ಇದೇ ದಂಡಿನಿಂದ ಇನ್ನೊಂದು ದಾರಿ ಪರ್ತ್, ಮೆಲ್ಬರ್ನ್ ಕಡೆ ಹೊರಟಿತ್ತು. ಕೆ.ಆರ್. ಪುರದ ಆಚೆ ಇವತ್ತು ನೀವು ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಕೂರುವ ವೈಟ್‌ಫೀಲ್ಡ್ ಐಟಿ ಕಂಪನಿಗಳಿಂದ ಹುಟ್ಟಿದ್ದಲ್ಲ. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರು ಕಟ್ಟಿಕೊಂಡ ವಸಾಹತು ಅದು. 1947ರ ಆಸುಪಾಸಿನಲ್ಲಿ ಆ ಸಮುದಾಯದ ಸಾವಿರಾರು ಜನ ಮೂಟೆ ಕಟ್ಟಿದರು. ಜಬಲ್ಪುರದ ಪಿಯರ್ಸ್ ಅಣ್ಣತಮ್ಮಂದಿರು ಐದೂ ಜನ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಹಾಕಿ ತಂಡಕ್ಕೆ ಆಡಿದರು. ಉಳಿದುಕೊಂಡವರೂ ಇದ್ದರು. ರೋಜರ್ ಬಿನ್ನಿ ಉಳಿದುಕೊಂಡ ಮನೆಯ ಹುಡುಗ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್, ಎಲ್ಲರಿಗಿಂತ ಹೆಚ್ಚು. ಹೋದವರ ಮೊಮ್ಮಗ ಈಗ ವಾಪಸ್ ಬಂದಿದ್ದಾನೆ. ಅವರಿಗೆ ವಿಧಾನಸಭೆಯಲ್ಲಿ ಇದ್ದ ನಾಮಕರಣದ ಒಂದು ಸೀಟನ್ನು 2020ರಲ್ಲಿ ನಾವು ತೆಗೆದುಹಾಕಿದ್ದೇವೆ, ಅದು ಬೇರೆ ಮಾತು.

ಈ ‘ಯಾರು ನಮ್ಮವರು’ ಪ್ರಶ್ನೆ ಫುಟ್‌ಬಾಲಿಗೆ ಮಾತ್ರ ಸೀಮಿತ ಅಂದುಕೊಂಡಿರಾ? 1986ರ ಸರೋಜಿನಿ ಮಹಿಷಿ ವರದಿ ನೆನಪಿಸಿಕೊಳ್ಳಿ. ಕನ್ನಡಿಗ ಯಾರು? ಹದಿನೈದು ವರ್ಷ ಇಲ್ಲಿ ವಾಸವಿದ್ದು ಕನ್ನಡ ಬಲ್ಲವನು. ರಗ್ಬಿಯವರು ಐದು ವರ್ಷ ಅಂದರು, ನಾವು ಹದಿನೈದು ಅಂದೆವು. ಒಂದು ವಿಷಯ ಗಮನಿಸಿ, ಮಹಿಷಿಯವರು ಅಜ್ಜನ ಊರು ಕೇಳಲಿಲ್ಲ, ಮನೆಮಾತು ಕೇಳಲಿಲ್ಲ. ವಾಸ ಮತ್ತು ಭಾಷೆ, ಎರಡೇ. ಗೌತಮಪುರದಲ್ಲಿ ಮನೆಯೊಳಗೆ ತಮಿಳು ಆಡುವವರು, ಶಿವಾಜಿನಗರದಲ್ಲಿ ಉರ್ದು ಆಡುವವರು ಆ ಅಳತೆಯಲ್ಲಿ ಆರಾಮಾಗಿ ಪಾಸು. ಆದರೂ ಹಲಸೂರು ಕೆರೆ ಪಕ್ಕದ ತಿರುವಳ್ಳುವರ್ ಪ್ರತಿಮೆಯ ಮುಸುಕು ತೆಗೆಯಲು ನಮಗೆ 18 ವರ್ಷ ಬೇಕಾಯ್ತು. 2009ರಲ್ಲಿ ತೆಗೆದೆವು. ಆಕಾಶ ಏನೂ ಕಳಚಿ ಬೀಳಲಿಲ್ಲ.

ನನ್ನ ನಿಲುವು ಕೇಳಿದರೆ, ಪಾಸ್‌ಪೋರ್ಟಿನ ನಿಯಮ ಇರಲಿ. ಓಸಿಐ ಕಾರ್ಡ್ ಇಟ್ಟುಕೊಂಡು ವರ್ಷಕ್ಕೆ ಎರಡು ಪಂದ್ಯಕ್ಕೆ ಬಂದು ಹೋಗುವ ಏರ್ಪಾಡು ನನಗೆ ಒಪ್ಪಿಗೆ ಇಲ್ಲ. ಅದು ಆಸ್ಟಿನ್ ಟೌನಿನ ಹುಡುಗನಿಗೆ ಮಾಡುವ ಅನ್ಯಾಯ. ಆದರೆ ಇಲ್ಲೇ ಎರಡು ವರ್ಷ ಬಾಳಿ, ಇಲ್ಲಿನ ಲೀಗಿನಲ್ಲಿ ಬೆವರು ಸುರಿಸಿ, ತನ್ನ ದೇಶದ ಪಾಸ್‌ಪೋರ್ಟನ್ನೇ ಬಿಟ್ಟವನ ಮುಂದೆ ನಿಷ್ಠೆಯ ತಕ್ಕಡಿ ಹಿಡಿಯಬೇಡಿ.

ಯಾಕೆ ಅಂತೀರಾ? ಅವನು ಏನನ್ನು ನಂಬಿ ಬಂದ ನೋಡಿ. ಜುಲೈನಲ್ಲಿ ಐಎಸ್‌ಎಲ್ ಲೀಗ್ ತಡೆಹಿಡಿದು ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಸಂಬಳವನ್ನೇ ಅನಿರ್ದಿಷ್ಟವಾಗಿ ನಿಲ್ಲಿಸಿತು. ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು 2-1ರಲ್ಲಿ ಸೋತು 2027ರ ಏಷ್ಯನ್ ಕಪ್ ಕನಸು ಮುಗಿಯಿತು. ನವೆಂಬರ್ 6ರಂದು ರಯಾನ್ ಭಾರತ ಶಿಬಿರಕ್ಕೆ ಆಯ್ಕೆ ಅಂತ ಫೆಡರೇಶನ್ ಹೇಳಿತು. ಅದರ ಮರುದಿನ, ನವೆಂಬರ್ 7, ಲೀಗ್ ನಡೆಸಲು ಕರೆದಿದ್ದ ಟೆಂಡರಿಗೆ ಕೊನೆಯ ದಿನ. ಎಷ್ಟು ಬಿಡ್ ಬಂತು ಗೊತ್ತಾ? ಸೊನ್ನೆ. ಒಂದೂ ಇಲ್ಲ. ಒಬ್ಬ ಮನುಷ್ಯ ತನ್ನ ಪೌರತ್ವವನ್ನೇ ಪಣಕ್ಕಿಟ್ಟ ವಾರದಲ್ಲಿ ಈ ದೇಶದ ಒಂದು ಕಂಪನಿಗೂ ಅವನು ಆಡುವ ಲೀಗಿನ ಮೇಲೆ ದುಡ್ಡು ಹಾಕುವ ಧೈರ್ಯ ಇರಲಿಲ್ಲ.

2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಎಲ್ಲಿ? ಸೌದಿಯ ರಿಯಾದ್‌ನಲ್ಲಿ. ಅಶೋಕನಗರದ ನಮ್ಮ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೋಕಲ್ ಲೀಗ್ ನಡೆಯುವ ಮಧ್ಯಾಹ್ನ ಒಮ್ಮೆ ಹೋಗಿ ಕೂತು ನೋಡಿ, ಎಷ್ಟು ಜನ ಇರ್ತಾರೆ ಅಂತ. ಹನ್ನೊಂದು ಜನ ಇಲ್ವಾ ಅಂತ ಕೇಳಿದವರಿಗೆ ಅಲ್ಲಿ ಇಪ್ಪತ್ತೆರಡು ಜನ ಸಿಗ್ತಾರೆ, ನೋಡೋರು ಸಿಗಲ್ಲ.

ಇದಾದ ಮೇಲೆ ಭಾರತದ ಅರ್ಹತಾ ಪಂದ್ಯ ಇದ್ದದ್ದು 2026ರ ಮಾರ್ಚ್‌ನಲ್ಲಿ, ಹಾಂಗ್‌ಕಾಂಗ್ ವಿರುದ್ಧ. ಗೆದ್ದರೂ ಏಷ್ಯನ್ ಕಪ್‌ಗೆ ಹೋಗುವ ಹಾಗಿರಲಿಲ್ಲ. ಅನುಮತಿ ಸಿಕ್ಕಿದ್ದರಿಂದ ರಯಾನ್‌ಗೆ ದಾರಿ ತೆರೆದಿತ್ತು. ರಯಾನ್ ಆಡುವ ದಿನ ನಾನಂತೂ ಟಿವಿ ಮುಂದೆ ಇರ್ತೀನಿ.