ಖಡ್ಗಮೃಗ ಸಂರಕ್ಷಣೆ



ಅಮರಕೋಶವು ಗಂಡಕವೆಂದೂ ಖಡ್ಗವೆಂದೂ ಹೆಸರಿಸುವ, ಲೋಕರೂಢಿಯಲ್ಲಿ ಘೇಂಡಾಮೃಗವೆನಿಸಿದ ಪ್ರಾಣಿಯು ಪೂರ್ವಕಾಲದಲ್ಲಿ ಸಿಂಧೂತೀರದವರೆಗೂ ಸಂಚರಿಸುತ್ತಿದ್ದಿತೆಂಬುದಕ್ಕೆ ಅಲ್ಲಿ ದೊರೆತ ಪುರಾತನ ಮುದ್ರೆಗಳೇ ಸಾಕ್ಷಿಯಾಗಿವೆ. ಈಗಲಾದರೋ ಈ ಒಂಟಿಕೊಂಬಿನ ಮೃಗಕ್ಕೆ ಭರತಖಂಡದ ಈಶಾನ್ಯ ಹಾಗೂ ಉತ್ತರ ಭಾಗದ ಮತ್ತು ನೇಪಾಳದ ಕೆಲವೇ ಅರಣ್ಯಗಳು ಆಶ್ರಯವಾಗಿ ಉಳಿದಿರುವುವು. ಅವುಗಳಲ್ಲಿ ಅಸ್ಸಾಮಿನ ಕಾಜಿರಂಗವು ಅಗ್ರಗಣ್ಯವಾದುದು.

ಈ ಮೃಗಕ್ಕೆ ಮೃತ್ಯುವಾದುದು ಅದರ ಕೊಂಬೇ. ಅದು ಜ್ವರಾದಿಗಳಿಗೆ ದಿವ್ಯೌಷಧವೆಂಬ ನಂಬಿಕೆಯು ಚೀನಾ, ವಿಯೆಟ್ನಾಂ ದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ವಿಚಾರಿಸಿ ನೋಡಿದರೆ, ಮನುಷ್ಯನ ಉಗುರು ಕೂದಲುಗಳು ಯಾವ ದ್ರವ್ಯದಿಂದಾಗಿರುವುವೋ ಕೊಂಬೂ ಅದರಿಂದಲೇ ಆದುದು. ಉಗುರನ್ನು ತೇದು ಕುಡಿದವನಿಗೆ ಎಷ್ಟು ಗುಣವೋ ಇದರಿಂದಲೂ ಅಷ್ಟೇ. ಚೀನಾ ದೇಶವು 1993ರಲ್ಲಿ ಇದರ ವ್ಯಾಪಾರವನ್ನೂ ಔಷಧವಾಗಿ ಬಳಸುವುದನ್ನೂ ನಿಷೇಧಿಸಿತು. ಆದರೂ ಗುಪ್ತವಾದ ಕ್ರಯವಿಕ್ರಯವು ನಿಂತಿಲ್ಲ.

ಈ ಪ್ರಾಣಿಯ ಗರ್ಭವಾಸವು ಸುಮಾರು 16 ತಿಂಗಳು. ಹುಟ್ಟುವುದು ಒಂದೇ ಮರಿ. ಮುಂದಿನ ಮರಿಗೆ ಮತ್ತೆ ವರ್ಷಗಳೇ ಕಳೆಯಬೇಕು. ಆದುದರಿಂದ ಒಂದು ತಾಯಿಯನ್ನು ಕೊಂದವನು ಅದರ ಮುಂದಣ ಸಂತತಿಯನ್ನೂ ಕೊಂದಂತೆಯೇ ಸರಿ.

1972ರ ವನ್ಯಜೀವಿ ಸಂರಕ್ಷಣಾ ಶಾಸನವು ಈ ಬೇಟೆಯನ್ನು ನಿಷೇಧಿಸಿರುವುದು. ಆದರೆ ಶಾಸನವು ತಾನಾಗಿ ಕಾಡನ್ನು ಕಾಯಲಾರದು. 1983ರ ಸುಮಾರಿನ ಕ್ಷೋಭೆಯಲ್ಲಿ ಕಾವಲು ಸಡಿಲವಾದಾಗ, ಅಸ್ಸಾಮಿನ ಲಾವೊಖೋವಾ ಅರಣ್ಯದ ಖಡ್ಗಮೃಗಗಳು ಅಲ್ಪಕಾಲದಲ್ಲಿಯೇ ನಿರ್ನಾಮವಾದುವು. ಕಾಜಿರಂಗದಲ್ಲಿಯೂ ಬ್ರಹ್ಮಪುತ್ರೆಯು ಉಕ್ಕಿದಾಗ ಮೃಗಗಳು ದಕ್ಷಿಣದ ಕಾರ್ಬಿ ಬೆಟ್ಟಗಳತ್ತ ನಡೆಯುವುವು. ಕಳ್ಳಬೇಟೆಗಾರನು ಕಾದಿರುವುದು ಆ ಸಮಯವನ್ನೇ. ಆಗ ಅವುಗಳನ್ನು ಉಳಿಸುವವರು ಮಳೆ ಕೆಸರುಗಳೆನ್ನದೆ ಹಗಲಿರುಳು ತಿರುಗುವ ಅರಣ್ಯರಕ್ಷಕರು.

ಇಷ್ಟಾದರೂ ಕೊಳ್ಳುವವನು ಇರುವವರೆಗೆ ಕೊಲ್ಲುವವನು ಇದ್ದೇ ಇರುವನು. ಇದನ್ನರಿತ ಅಸ್ಸಾಂ ಸರ್ಕಾರವು 2021ನೆಯ ಸೆಪ್ಟೆಂಬರ್ 22ರಂದು, ತನ್ನ ಬೊಕ್ಕಸಗಳಲ್ಲಿ ಕೂಡಿಬಿದ್ದಿದ್ದ 2479 ಕೊಂಬುಗಳನ್ನು ಬೊಕಾಖಾಟದಲ್ಲಿ ಸರ್ವಜನಸಮಕ್ಷಮದಲ್ಲಿ ಸುಟ್ಟಿತು. ಧನವನ್ನು ಸುಟ್ಟರೆಂದು ಮರುಗಿದವರೂ ಇರಬಹುದು. ಸುಟ್ಟುದು ಧನವನ್ನಲ್ಲ, ಕೊಂಬಿಗೆ ಬೆಲೆಯಿದೆಯೆಂಬ ಭ್ರಾಂತಿಯನ್ನು. ಮರುವರ್ಷ, ಎಂದರೆ 2022ರಲ್ಲಿ, ಅಸ್ಸಾಮಿನಲ್ಲಿ ಒಂದು ಖಡ್ಗಮೃಗವೂ ಕಳ್ಳಬೇಟೆಗೆ ಬಲಿಯಾಗಲಿಲ್ಲ. ಆ ವರ್ಷದ ಗಣನೆಯಲ್ಲಿ ಕಾಜಿರಂಗದಲ್ಲಿ 2613 ಮೃಗಗಳಿದ್ದುವು. ಈ ಫಲಕ್ಕೆ ವರ್ಷಗಟ್ಟಲೆ ನಡೆದ ಕಾವಲೇ ಮುಖ್ಯಕಾರಣವೆಂಬುದನ್ನು ಮರೆಯಲಾಗದು.

ಕಾಡಿನಲ್ಲಿ ಕಾಯುವ ಕಾರ್ಯವು ರಕ್ಷಕರದು. ಕೊಂಬು, ಉಗುರು, ಚರ್ಮಗಳಲ್ಲಿ ಮಹಿಮೆಯನ್ನು ಕಾಣುವ ಅಜ್ಞಾನವು ಯಾವ ಊರಿನಲ್ಲಿದ್ದರೂ ಅದನ್ನು ಕಳೆಯುವ ಭಾರವು ವೈದ್ಯರ, ಉಪಾಧ್ಯಾಯರ ಮತ್ತು ತಿಳಿದವರೆಲ್ಲರ ಮೇಲಿರುವುದು. ಈ ಎರಡು ಕಾವಲುಗಳೂ ಕೂಡಿದಲ್ಲಿ ಮಾತ್ರ ಈ ಮೂಕಪ್ರಾಣಿಗೆ ಉಳಿವುಂಟು.